ವಾಸಿಯಾದ ಕೈ

ಅಮ್ಮ ವಾರಪತ್ರಿಕೆಯನ್ನು ಕಣ್ಣಿಗೊತ್ತಿಕೊಳ್ಳುವುದನ್ನು ಅನಸೂಯ ನೋಡಿಬಿಟ್ಟಳು. ಸ್ನಾನ ಮುಗಿಸಿ ಒದ್ದೆ ಕೂದಲಿಗೆ ಟವಲು ಸುತ್ತಿಕೊಂಡು ನಡುಮನೆಗೆ ಬಂದರೆ, ತಾಯಿ ಅಕ್ಕಯಮ್ಮ ಕಿಟಕಿಯ ಹತ್ತಿರ ಕಾಲು ಚಾಚಿ ಕೂತು, ಅಕ್ಷರ ಬಾರದವರು ಪುಸ್ತಕ ಹಿಡಿಯುವ ಹಾಗೆ ಎರಡು ಕೈಯಲ್ಲೂ ಪತ್ರಿಕೆಯನ್ನು ಪ್ರಸಾದದ ತಟ್ಟೆಯಂತೆ ಹಿಡಿದಿದ್ದಳು. ಒಂದು ಪುಟದ ಮೇಲೆ ಬೆರಳಾಡಿಸಿದಳು. ಆ ಬೆರಳನ್ನು ಕಣ್ಣಿಗೆ ಮುಟ್ಟಿಸಿಕೊಂಡಳು. ಅದೂ ಸಾಲದೆಂದು ಪುಟವನ್ನೇ ಎತ್ತಿ ರೆಪ್ಪೆಗೆ ಒತ್ತಿಕೊಂಡಳು. ಮಗಳು ನಿಂತದ್ದು ಗೊತ್ತಾಗಿ ತಿರುಗಿದಾಗ ಅವಳ ಮುಖ ಎಷ್ಟೋ ವರ್ಷದಿಂದ ಕಾಣದಷ್ಟು ಅರಳಿತ್ತು.

"ನೋಡೇ ಅನ್ಸೂಯಾ, ಎಲ್ಲಾ ವಾಸಿಯಾದಂಗೈತೆ. ಒಂದು ಮಚ್ಚೇನೂ ಇಲ್ಲ. ಚನ್ನರಾಯಪ್ಪ ಮೇಷ್ಟ್ರ ಕೈಯಾಗೆ ದೇವ್ರೇ ಬರೆಸವ್ನೆ ಕಣೇ."

"ಅದು ಕಥೆ ಕಣಮ್ಮ."

"ಕಥೆಯಾದ್ರೆ ಏನಂತೆ? ಕೈ ನಿಂದೇ ತಾನೇ?"

ಕೈ ಅವಳದೇ. ಕಥೆಯ ಮೊದಲ ಪುಟದಲ್ಲಿ ಮಣಿಕಟ್ಟಿನಿಂದ ಹೊರಟು ಹೆಬ್ಬೆರಳಿನ ಬುಡ ದಾಟಿ ಬೆರಳ ಸಂದುಗಳಿಗೆ ಹರಿದ ಬಿಳಿ ಮಚ್ಚೆಗಳ ಎಡಗೈ. ಕೊನೆಯ ಪುಟದಲ್ಲಿ ಅದೇ ಕೈ, ಅದೇ ಭಂಗಿ, ಅದೇ ಕಿಟಕಿಯ ಬೆಳಕು, ಮಚ್ಚೆ ಮಾತ್ರ ಇಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ, ಛಾಯಾಚಿತ್ರಗಳು: ಕದಿರೇಶ, ಅವಳ ಅಣ್ಣನ ಹೆಸರು. ನಿನ್ನೆ ಸಂಜೆ ಅಣ್ಣ ಪತ್ರಿಕೆಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಅವಳ ಮುಖ ನೋಡದೆ ಕೈ ತೊಳೆಯಲು ಹಿತ್ತಲಿಗೆ ಹೋದಾಗಲೇ ಅವಳಿಗೆ ಏನೋ ಸರಿಯಿಲ್ಲ ಅನಿಸಿತ್ತು. ಒಲೆಯ ಮುಂದೆ ನಿಂತೇ ಓದಿ ಮುಗಿಸಿದ್ದಳು. ಸಾರು ಉಕ್ಕಿತ್ತು. ಅಮ್ಮ ಬೈದಿದ್ದಳು. ಈಗ ಅದೇ ಅಮ್ಮ, ಮಚ್ಚೆಗೆ ಮದ್ದೆಂದು ಬಾವಂಚಿ ಬೀಜ ಅರೆದು ಹಚ್ಚಿ ಹಿತ್ತಲ ಬಿಸಿಲಿನಲ್ಲಿ ಚರ್ಮ ಬೊಬ್ಬೆಯೇಳುವವರೆಗೆ ಕೂರಿಸುತ್ತಿದ್ದ ಅಮ್ಮ, "ಇನ್ನೊಂಚೂರು ತಡ್ಕೋ, ಬಣ್ಣ ಬರ್ತೈತೆ" ಎಂದು ತಾನೂ ಅಳುತ್ತಿದ್ದ ಅಮ್ಮ, ಕಾಗದದ ಮೇಲೆ ಬಳಿದ ಬಣ್ಣಕ್ಕೆ ಕೈಮುಗಿಯುತ್ತಿದ್ದಾಳೆ. ಕಸಿದುಕೊಂಡು ಹರಿದು ಒಲೆಗೆ ಹಾಕಬೇಕೆನಿಸಿತು. ಹಾಗೆ ಮಾಡಿದರೆ ಅಮ್ಮನ ಮುಖ ಏನಾಗುತ್ತದೆಂದು ಗೊತ್ತಿದ್ದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು. ತಿಂಡಿ ತಿನ್ನದೆ, ಬೇಸಿಗೆಯಲ್ಲೂ ಬಿಡದ ಉದ್ದ ತೋಳಿನ ರವಿಕೆಯ ಗುಂಡಿಯನ್ನು ಮಣಿಕಟ್ಟಿಗೆ ಬಿಗಿದುಕೊಂಡು ಅಣ್ಣನ ಫೋಟೋ ಸ್ಟುಡಿಯೋಗೆ ಹೊರಟಳು.

ಶ್ರೀನಿವಾಸಪುರದ ಬೀದಿಯ ತುಂಬ ಮಾವಿನ ಲಾರಿಗಳು. ಹುಲ್ಲಿನ ಮೇಲೆ ಮಲಗಿದ ಕಾಯಿಗಳ ಸೊನೆಯ ವಾಸನೆ, ಡೀಸೆಲ್ಲಿನ ಹೊಗೆ, ಗೌನಿಪಲ್ಲಿ ಕಡೆಯಿಂದ ಬಂದವರ ತೆಲುಗು. ಯಾರೂ ಅವಳನ್ನು ನೋಡುತ್ತಿರಲಿಲ್ಲ, ಆದರೂ ಎಲ್ಲರೂ ನೋಡುತ್ತಿದ್ದಾರೆಂದು ಎಡಗೈ ತಾನಾಗಿ ಸೆರಗಿನೊಳಕ್ಕೆ ಹೋಯಿತು. ಹೋದದ್ದನ್ನು ಗಮನಿಸಿ ಹೊರಗೆ ತೆಗೆದಳು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಅದು ಮತ್ತೆ ಒಳಗೆ. ಕ್ಷೌರದಂಗಡಿಯ ಬೆಂಚಿನ ಮೇಲೆ ಒಬ್ಬ ಆ ಪತ್ರಿಕೆಯನ್ನೇ ಬಿಡಿಸಿಕೊಂಡು ಕೂತಿದ್ದ. ಬೈದುಕೊಂಡಳು, ಅವನನ್ನಲ್ಲ, ತನ್ನನ್ನು. ಆ ಚಿತ್ರವನ್ನು ತೆಗೆದದ್ದು ತಾನೇ ಅಲ್ಲವೇ? ಯಾರೂ ಬಲವಂತ ಮಾಡಿರಲಿಲ್ಲವಲ್ಲ. ಕಿಟಕಿಯ ಪಕ್ಕ ಮೇಜೆಳೆದು, ಕರಿ ಬಟ್ಟೆ ಹಾಸಿ, ಅದರ ಮೇಲೆ ಎಡಗೈಯನ್ನು ಯಾರದೋ ಕೈಯೆಂಬಂತೆ ಇಟ್ಟು, ಬಲಗೈಯಲ್ಲಿ ಕ್ಯಾಮೆರಾದ ಕೇಬಲ್ ಗುಂಡಿ ಒತ್ತಿದ್ದು ತಾನೇ. ಪ್ರಿಂಟು ಮಾಡಿ ಡಾರ್ಕ್‌ರೂಮಿನ ಪರದೆಯ ಕೆಳಗಿನಿಂದ ಆಚೆಗೆ ತಳ್ಳಿದ್ದೂ ತಾನೇ.

ಆ ಪರದೆಯ ಆಚೆಗೆ ಈಚೆಗೆ ಮೂವರ ಸ್ನೇಹ ಬೆಳೆದಿತ್ತು. ಚನ್ನರಾಯಪ್ಪ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು. ಅಣ್ಣನೂ ಅವನೂ ಮುಳಬಾಗಿಲಿನಲ್ಲಿ ಒಂದೇ ಬೆಂಚಿನಲ್ಲಿ ಓದಿದವರು. ಸಂಜೆ ಶಾಲೆ ಬಿಟ್ಟೊಡನೆ ಸೈಕಲ್ಲನ್ನು ಸ್ಟುಡಿಯೋದ ಗೋಡೆಗೆ ಒರಗಿಸಿ ಒಳಗೆ ಬಂದು, ಗಿರಾಕಿಗಳು ಕೂರುವ ಬೆಂಚಿನ ಮೇಲೆ ಕಾಲು ಮಡಚಿ ಕೂತು, ಬರೆಯಬೇಕೆಂದಿರುವ ಕಥೆಯನ್ನು ಅಣ್ಣನಿಗೆ ಹೇಳುವನು. ಡಾರ್ಕ್‌ರೂಮಿನ ಕರಿ ಪರದೆಯ ಈಚೆ ಅವಳು ಪ್ರಿಂಟು ತೊಳೆಯುತ್ತ ಕೇಳುವಳು. ಮೊದಮೊದಲು ಅವನ ಕಥೆಗಳ ತುಂಬ ರಾಕೆಟ್ಟುಗಳಿದ್ದವು, ಯಾವುದೂ ಅಚ್ಚಾಗಲಿಲ್ಲ. ಒಂದು ಸಲ ಅವಳು ಗೌನಿಪಲ್ಲಿಯ ಮಾವನ ಮನೆಯಲ್ಲಿ ಹುಳ ದೊಡ್ಡದಾಗಿ ಕಾಣಲೆಂದು ಲೆನ್ಸನ್ನು ತಿರುಗುಮುರುಗಾಗಿ ಹಿಡಿದು, ಹಿಪ್ಪುನೇರಳೆ ಎಲೆ ಮೇಯುವ ರೇಷ್ಮೆ ಹುಳದ ಮುಖವನ್ನು ತೆಗೆದಿದ್ದಳು. ಒಣಗಲು ಹಾಕಿದ್ದ ಆ ಪ್ರಿಂಟಿನ ಮುಂದಿನಿಂದ ಮೇಷ್ಟ್ರು ಅವತ್ತು ಏಳಲೇ ಇಲ್ಲ. ಆಮೇಲೆ ಬರೆದ ಕಥೆಯಲ್ಲಿ ತಮ್ಮ ಊರಿನ ಗೋಡೆಗಳನ್ನು ತಾವೇ ತಿನ್ನುತ್ತ ಬದುಕುವ ಜನ ಇದ್ದರು, ಒಂದೂ ರಾಕೆಟ್ಟು ಇರಲಿಲ್ಲ, ಅದು ಅಚ್ಚಾಯಿತು. ಆಮೇಲೆ ಅವನು ಬೆಳಕು ಧೂಳಿನ ಹಾಗೆ ಬೀಳುವ ಒಂದು ಲೋಕದ ಕಥೆ ಹೇಳಿದ, ಅಲ್ಲಿ ಹೆಂಗಸರು ಬೆಳಗ್ಗೆ ಎದ್ದು ಬೆಳಕನ್ನು ಗುಡಿಸಿ ಮೊರಕ್ಕೆ ತುಂಬುತ್ತಾರೆ. ಅದು ಅವಳ ತಲೆ ಬಿಟ್ಟು ಹೋಗಲಿಲ್ಲ. ಕ್ಯಾಮೆರಾ ತೆಗೆದುಕೊಂಡು ರಾಗಿ ಗಿರಣಿಗೆ ಹೋಗಿ, ಮಾಡಿನ ಸಂದಿನಿಂದ ಇಳಿಯುವ ಬಿಸಿಲುಕೋಲಿನಲ್ಲಿ ಹಿಟ್ಟು ಹಾರಾಡುವವರೆಗೆ ಕಾದು ತೆಗೆದಳು. ಪರದೆಯ ಆಚೆ ಅವನು ಆ ಪ್ರಿಂಟು ಹಿಡಿದು ಅಣ್ಣನಿಗೆ ಹೇಳಿದ್ದ, "ಲೇ ಕದಿರಾ, ಇದು ನಾನು ಬರೆದದ್ದಕ್ಕಿಂತ ಮುಂದಕ್ಕೆ ಹೋಗಿಬಿಟ್ಟಿದೆ ಕಣೋ. ನಾನೀಗ ಇದನ್ನ ಹಿಡೀಬೇಕು." ಅವಳು ಕತ್ತಲಲ್ಲಿ ಒಬ್ಬಳೇ ನಕ್ಕಿದ್ದಳು. ಕಥೆಗಳ ಜೊತೆ ಅಚ್ಚಾದ ಅವಳ ಚಿತ್ರಗಳಿಗೆ ಹೆಸರು ಅಣ್ಣನದೇ ಬರುತ್ತಿತ್ತು, ಸ್ಟುಡಿಯೋ ಅವನದು, ಹೆಣ್ಣುಮಗಳ ಹೆಸರು ಯಾಕೆ ಪೇಪರಿಗೆ ಎಂದು ಅಮ್ಮ ಹೇಳಿದ್ದಳು, ಅವಳಿಗೂ ಅದು ದೊಡ್ಡದಾಗಿ ಕಂಡಿರಲಿಲ್ಲ. ಅವನು ಮುಂದಕ್ಕೆ ಹೋಗಿದೆ ಎಂದದ್ದು ಸಾಕಾಗಿತ್ತು.

ಕೈಯ ಪ್ರಿಂಟು ಹೋದ ದಿನ ಆಚೆ ಬಹಳ ಹೊತ್ತು ಸದ್ದಿರಲಿಲ್ಲ. ಆಮೇಲೆ ಅವನು ನಿಧಾನವಾಗಿ ಹೇಳತೊಡಗಿದ. ಒಂದು ಲೋಕದಲ್ಲಿ ಜನರ ಚರ್ಮದ ಮೇಲೆ ಅವರ ನಾಡಿನ ನಕ್ಷೆ ಮೂಡುತ್ತದೆ. ನಾಡು ಬೆಳೆದಷ್ಟೂ ನಕ್ಷೆ ಬೆಳೆಯುತ್ತದೆ. ಎಲ್ಲರಿಗೂ ಅಲ್ಲ, ಕೆಲವರಿಗೆ. ಯಾರ ಮೈಯಲ್ಲಿ ಅದು ಅತಿ ಹೆಚ್ಚು ಹಬ್ಬಿದೆಯೋ ಅವಳೇ ದಾರಿ ತೋರಿಸುವವಳು. ಏನೂ ಇಲ್ಲದ ಬೋಳು ಚರ್ಮದವರು ಅವಳ ಹಿಂದೆ ನಡೆಯುತ್ತಾರೆ. "ಅವಳಿಲ್ಲದಿದ್ರೆ ಯಾರೂ ಮನೆ ಸೇರೋಕಾಗಲ್ಲ ಕದಿರಾ." ಅಂದು ಅವಳು ಟ್ರೇಯಲ್ಲಿದ್ದ ಪ್ರಿಂಟು ಕಪ್ಪಾಗುವವರೆಗೆ ಮರೆತಿದ್ದಳು.

ಅಚ್ಚಾದ ಕಥೆಯಲ್ಲಿ ಅದೆಲ್ಲ ಇತ್ತು, ಅರ್ಧದವರೆಗೆ. ಆಮೇಲೆ ಭೂಮಿಯಿಂದ ಒಬ್ಬ ಡಾಕ್ಟರು ಬರುತ್ತಾನೆ. ಅವಳ ಚರ್ಮ ನೋಡುತ್ತಾನೆ. ಇದು ನಕ್ಷೆಯಲ್ಲ, ಯಾವುದೋ ಕಿರಣ ತಗುಲಿ ಬಂದ ಖಾಯಿಲೆ ಎಂದು ಕಂಡುಹಿಡಿಯುತ್ತಾನೆ. ದೀಪವೊಂದರ ಕೆಳಗೆ ಮಲಗಿಸಿ ವಾಸಿ ಮಾಡುತ್ತಾನೆ. ಮದುವೆಯಾಗಿ ಭೂಮಿಗೆ ಕರೆತರುತ್ತಾನೆ. ದಾರಿ ಕಾಣದೆ ಉಳಿದ ಆ ಜನ ಏನಾದರೆಂದು ಒಂದು ಸಾಲೂ ಇಲ್ಲ.

ಸ್ಟುಡಿಯೋದಲ್ಲಿ ರಾಯಲ್ಪಾಡಿನ ಕಡೆಯವರು ಆಗಲೇ ಬಂದು ಕೂತಿದ್ದರು. ಮದುವೆ ಗೊತ್ತಾದ ಹುಡುಗಿ, ಅವಳ ಸೋದರತ್ತೆ, ಮಾವ. ಅಣ್ಣ ದೀಪಗಳನ್ನು ಸರಿಸುತ್ತಿದ್ದ. ಹುಡುಗಿ ಸ್ಟೂಲಿನ ಮೇಲೆ ಬೆವರುತ್ತ, ಎಲ್ಲ ಹುಡುಗಿಯರ ಹಾಗೆಯೇ ಗದ್ದವನ್ನು ಎದೆಗೆ ಅಂಟಿಸಿ ಕೂತಿತ್ತು. ಸೆರಗು ಸರಿ ಮಾಡಿ ಗದ್ದವನ್ನು ಎರಡು ಬೆರಳಿಂದ ಎತ್ತುವುದು ಅನಸೂಯಳ ಕೆಲಸ. ಅವಳು ಹತ್ತಿರ ಹೋಗಿ ಕೈ ಚಾಚಿದಳು.

"ನುವ್ವು ಮುಟ್ಟೊದ್ದಮ್ಮಾ," ಎಂದಳು ಸೋದರತ್ತೆ. ದನಿ ಒರಟಾಗಿರಲಿಲ್ಲ. ಬಿಸಿ ಪಾತ್ರೆ ಮುಟ್ಟಬೇಡವೆಂದು ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು. ಮಾವ ಗಂಟಲು ಸರಿಮಾಡಿಕೊಂಡು, "ಪೇಪರ್ನಾಗೆ ಬಂದಿರೋ ಕೈ ನಿಮ್ದೇ ಅಂತಲ್ಲ? ಕಟಿಂಗ್ ಶಾಪಿನಾಗೆ ಮಾತಾಡ್ತಿದ್ರು," ಎಂದ. "ವಾಸಿಯಾಯ್ತು ಅಂತ ಬರ್ದವ್ರಲ್ಲ, ಆಗಿಲ್ವಾ?"

ಅನಸೂಯ ಅಣ್ಣನ ಕಡೆ ನೋಡಿದಳು. ಅವನು ಒಂದು ಮಾತು ಹೇಳಬಹುದಿತ್ತು. ಇದು ಅಂಟುವ ರೋಗವಲ್ಲ ಎನ್ನಬಹುದಿತ್ತು. ಇಷ್ಟು ವರ್ಷ ಈ ತಾಲೂಕಿನ ಎಷ್ಟೋ ಹುಡುಗಿಯರ ಗದ್ದ ಎತ್ತಿದ್ದು ಇದೇ ಕೈ ಎನ್ನಬಹುದಿತ್ತು. ಕದಿರೇಶ ಗಿರಾಕಿಗಳಿಗೆ ನಗುವ ನಗು ನಕ್ಕು, "ನೀನೊಳಗೆ ಪ್ರಿಂಟ್ ನೋಡ್ಕೋಮ್ಮ," ಎಂದ. ಮನೆಯಲ್ಲಿ ಲೇ ಎನ್ನುವವನು ಇಲ್ಲಿ ಮಾತಿನ ಕೊನೆಗೆ ಮ್ಮ ಸೇರಿಸಿದ್ದ. ಆ ಒಂದು ಅಕ್ಷರದ ಮುದ್ದಿಗೆ ಅವಳ ಕಿವಿ ಸುಟ್ಟಿತು. ಸ್ಟೂಲಿನ ಮೇಲಿನ ಹುಡುಗಿ ಮಾತ್ರ ಕಣ್ಣೆತ್ತಿ ನೋಡುತ್ತಿತ್ತು, ಗದ್ದ ಇನ್ನೂ ಎದೆಗಂಟಿಸಿಕೊಂಡೇ.

ಒಳಗೆ ಕೆಂಪು ಬಲ್ಬು. ಈ ಬೆಳಕಿನಲ್ಲಿ ಮಚ್ಚೆ ಕಾಣುವುದಿಲ್ಲ, ಚರ್ಮವೆಲ್ಲ ಒಂದೇ ಬಣ್ಣ. ಈ ಕೆಲಸ ಕಲಿತ ಹೊಸತರಲ್ಲಿ ಅವಳಿಗೆ ಇದೇ ದೊಡ್ಡ ಸುಖವಾಗಿತ್ತು. ಇವತ್ತು ಅದನ್ನೂ ಸಹಿಸಲಾಗಲಿಲ್ಲ. ಇಲ್ಲೂ ಯಾರೋ ವಾಸಿ ಮಾಡಿಬಿಟ್ಟಿದ್ದಾರೆ ಅನಿಸಿತು. ಅವಳನ್ನು ಇದ್ದ ಹಾಗೇ ನೋಡಿದವರು ಯಾರು? ಒಂದು ಕ್ಷಣ, ಪರದೆಯ ಆಚೆಗೆ ಒಬ್ಬ ನೋಡಿದ್ದ ಎಂದುಕೊಂಡಿದ್ದಳು. ಅವನು ಪ್ರಿಂಟು ಹಿಡಿದುಕೊಂಡು ಸುಮ್ಮನಿದ್ದ ಅಷ್ಟು ಹೊತ್ತನ್ನು ಅವಳು ಎಷ್ಟು ಸಲ ಮನಸ್ಸಿನಲ್ಲಿ ತಿರುವಿಹಾಕಿದ್ದಳೋ. ಆಗ ಅವನು ನೋಡುತ್ತಿದ್ದದ್ದು ಏನನ್ನು? ಎಲ್ಲಿಂದ ಅಳಿಸಲು ಶುರುಮಾಡಬೇಕೆಂದೇ?

ಗಿರಾಕಿಗಳು ಹೋದ ಮೇಲೆ ಸೈಕಲ್ಲಿನ ಸ್ಟ್ಯಾಂಡು ಬಿದ್ದ ಸದ್ದಾಯಿತು. ಶನಿವಾರ, ಶಾಲೆ ಬೇಗ ಬಿಟ್ಟಿತ್ತು. "ಲೇ ಕದಿರಾ, ಜಿಲೇಬಿ ತಂದಿದೀನಿ ಕಣೋ," ಎನ್ನುತ್ತ ಚನ್ನರಾಯಪ್ಪ ಬಂದ. ಕಳೆದ ವರ್ಷ ಸ್ಕೈಲ್ಯಾಬ್ ಬಾಹ್ಯಾಕಾಶ ನಿಲ್ದಾಣ ಬೀಳುತ್ತದೆಂದು ಊರೂರೇ ಹೆದರಿದಾಗಿನಿಂದ ಪತ್ರಿಕೆಯವರಿಗೆ ಆಕಾಶದ ಕಥೆಗಳ ಹುಚ್ಚು ಹತ್ತಿದೆ, ಇನ್ನೂ ಬರೆಯಿರಿ ಎಂದು ಕೇಳಿದ್ದಾರೆ, ಸ್ಟಾಫ್ ರೂಮಿನಲ್ಲಿ ಹೆಡ್‌ಮಾಸ್ಟರೇ ಓದಿ ಕಣ್ಣೊರೆಸಿಕೊಂಡರು ಎಂದೆಲ್ಲ ಹೇಳಿದ. ಆಮೇಲೆ ದನಿ ಸ್ವಲ್ಪ ಎತ್ತರಿಸಿ, ಪರದೆಯ ಕಡೆಗೆ, "ಅನಸೂಯಾ, ನೀವೂ ಬಾಯಿ ಸಿಹಿ ಮಾಡ್ಕೊಳ್ಳಿ," ಎಂದ.

ಈಗ ಬಾಯಿ ಬಿಟ್ಟರೆ ಈ ಸಂಜೆಗಳು ಮುಗಿದವು ಎಂದು ಅವಳಿಗೆ ಗೊತ್ತಿತ್ತು. ಈ ಊರಿನಲ್ಲಿ ಹುಳದ ಮುಖದ ಬಗ್ಗೆ, ಹಾರುವ ಹಿಟ್ಟಿನ ಬಗ್ಗೆ ಮಾತಾಡಲು ಅವಳಿಗೆ ಇನ್ನಾರೂ ಇರಲಿಲ್ಲ. ತೋಳಿನ ಗುಂಡಿ ಬಿಚ್ಚಿ, ಮೊಣಕೈವರೆಗೆ ಮಡಚಿ, ಪರದೆ ಸರಿಸಿ ಹೊರಗೆ ಬಂದಳು.

"ಮೇಷ್ಟ್ರೇ, ಅವಳಿಗೆ ಯಾಕೆ ವಾಸಿ ಮಾಡಿದ್ರಿ?"

"ಯಾರಿಗೆ?"

"ದಾರಿ ತೋರ್ಸೋಳಿಗೆ."

ತರಗತಿಯಲ್ಲಿ ಒಳ್ಳೆಯ ಪ್ರಶ್ನೆ ಬಂದಾಗ ನಗುವ ಹಾಗೆ ಅವನು ನಕ್ಕ. "ಕಥೆ ಎಲ್ಲಾದ್ರೂ ಮುಗೀಬೇಕಲ್ಲ ಅನಸೂಯಾ. ಓದೋರಿಗೆ ಒಂದು ಭರವಸೆ ಬೇಕು."

"ಅವಳಿಗೆ ಖಾಯಿಲೆ ಇರಲಿಲ್ಲ. ನಕ್ಷೆ ಅಂತ ನೀವೇ ಇಲ್ಲಿ ಕೂತು ಹೇಳಿದ್ರಿ, ನಾನು ಕೇಳಿಸ್ಕೊಂಡಿದೀನಿ. ಅದು ಖಾಯಿಲೆ ಆಗಿದ್ದು ಯಾವಾಗ?"

ಚನ್ನರಾಯಪ್ಪನ ಕಣ್ಣು ಅವಳ ಬರಿಗೈಯ ಮೇಲೆ ಬಿದ್ದು, ಬೇಗ ಜಿಲೇಬಿಯ ಪೊಟ್ಟಣಕ್ಕೆ ಹಾರಿತು. ಚಿತ್ರದಲ್ಲಾದರೆ ಅದೇ ಕೈಯನ್ನು ಅಷ್ಟು ಹೊತ್ತು ನೋಡಿದವನು. "ನಿಜ ಹೇಳ್ಬೇಕಂದ್ರೆ ನಿಮ್ಮನ್ನ ಮನಸ್ಸಲ್ಲಿ ಇಟ್ಕೊಂಡೇ ಬರೆದೆ. ನಿಮಗೆ ಸಮಾಧಾನ ಆಗುತ್ತೆ ಅಂತ."

"ನಾನು ಕೇಳಿದ್ನಾ?"

"ಅನ್ಸೂಯಾ," ಎಂದ ಕದಿರೇಶ, ಎಚ್ಚರಿಸುವ ದನಿಯಲ್ಲಿ.

"ಇರಣ್ಣ. ಮೇಷ್ಟ್ರೇ, ಡಾಕ್ಟ್ರು ಅವಳನ್ನ ಮದುವೆ ಆಗ್ತಾನಲ್ಲ, ವಾಸಿಯಾದ ಮೇಲೆ. ಅದಕ್ಕೆ ಮುಂಚೆ ಯಾಕಾಗಲಿಲ್ಲ?"

ಹೊರಗೆ ಲಾರಿಯೊಂದು ಹಿಂದಕ್ಕೆ ಬರುತ್ತಿತ್ತು, ಕ್ಲೀನರ್ ಅದರ ಬೆನ್ನಿಗೆ ಬಡಿಯುತ್ತಿದ್ದ. ಆ ಸದ್ದು ನಿಲ್ಲುವವರೆಗೂ ಚನ್ನರಾಯಪ್ಪ ಜಿಲೇಬಿ ಪೊಟ್ಟಣದ ದಾರ ಬಿಚ್ಚುತ್ತ ಕಟ್ಟುತ್ತ ಇದ್ದ. ಅವನು ಕೆಟ್ಟವನಲ್ಲ, ಸುಳ್ಳು ಹೇಳಲು ಬರುವುದಿಲ್ಲ, ಅದೇ ತೊಂದರೆಯಾಯಿತು.

"ಹಾಗೆ ಬರೆದ್ರೆ ಜನ ನಂಬಲ್ಲ," ಎಂದ.

ಅವಳಿಗೆ ನಗು ಬಂತು. ಒಣ ಕೆಮ್ಮಿನಂಥ ನಗು. "ಚರ್ಮದ ಮೇಲೆ ಊರು ಬೆಳೆಯೋದು ನಂಬ್ತಾರೆ. ಬೆಳಕನ್ನ ಮೊರದಲ್ಲಿ ತುಂಬೋದು ನಂಬ್ತಾರೆ. ಗೋಡೆ ತಿನ್ನೋರನ್ನ ನಂಬ್ತಾರೆ. ಇದೊಂದು ನಂಬಲ್ಲ. ನೀವೂ ನಂಬಲ್ಲ, ಅಲ್ವಾ?"

ಅವನು ತಲೆ ತಗ್ಗಿಸಿದ. ಆಗ ಅವಳು ಅಣ್ಣನ ಕಡೆ ತಿರುಗಿದಳು. ಕೊನೆಯ ಪುಟದ ಚಿತ್ರದಲ್ಲಿ ಫೋಟೋ ತಿದ್ದುವ ಬ್ರಷ್ಷಿನ ಕೆಲಸ ಯಾರದೆಂದು ಅವಳಿಗೆ ನಿನ್ನೆಯೇ ಗೊತ್ತಾಗಿತ್ತು. ನೀರು ಹೆಚ್ಚಾದ ಮಸಿ ಬಿಳಿಯ ಅಂಚು ದಾಟಿ ಹರಿದಿತ್ತು. ಮಚ್ಚೆಯ ಜೊತೆಗೆ ಬೆರಳ ಗೆಣ್ಣಿನ ಗೆರೆ, ಮಣಿಕಟ್ಟಿನ ನರ ಎಲ್ಲ ಮುಚ್ಚಿ ಕೈ ರಬ್ಬರಿನ ಕೈಗವುಸಿನಂತೆ ಊದಿತ್ತು. "ನೀನು ನನ್ನ ಬ್ರಷ್ ತಗೊಂಡಿದ್ದೆ."

"ಇನ್ನೊಂದು ಚಿತ್ರ ಬೇಕೂಂದ್ರು ಪತ್ರಿಕೆಯೋರು. ಇವನು ಕಥೆ ಹಂಗೆ ಬರೆದಿದ್ದ. ಓದಿದ ಮೇಲೆ ನನಗೂ ಒಂದ್ಸಲ ಹಂಗೆ ನೋಡ್ಬೇಕು ಅನ್ನಿಸ್ತು, ಅದಕ್ಕೆ..." ಕದಿರೇಶನ ದನಿ ಏರಿತು, ತಪ್ಪಿತಸ್ಥರ ದನಿ ಏರುವ ಹಾಗೆ. "ಯಾರಿಗೋಸ್ಕರ ಮಾಡಿದ್ದೇ ನಾವು? ಅಮ್ಮ ಎಷ್ಟು ಖುಷಿಪಟ್ಲು ನೋಡಿದ್ಯಾ ಇಲ್ವಾ?"

"ನೋಡಿದೆ."

ಒಳಗೆ ಹೋಗಿ ಪರದೆ ಎಳೆದಳು. ಇಬ್ಬರೂ ಕೂತು ಮಾಡಿದ್ದಾರೆ. ಒಬ್ಬ ಬರೆದು ಇನ್ನೊಬ್ಬನಿಗೆ ಆಸೆ ಹುಟ್ಟಿಸಿದ್ದಾನೆ, ಇನ್ನೊಬ್ಬ ಬಳಿದು ಅವನಿಗೆ ಹೌದೆನಿಸಿದ್ದಾನೆ. ತಾನು ಹುಳದ ಮುಖ ಕೊಟ್ಟು ಕಥೆ ತೆಗೆದುಕೊಂಡ ಹಾಗೆಯೇ, ಅವನು ಬೆಳಕಿನ ಧೂಳು ಕೊಟ್ಟು ಚಿತ್ರ ತೆಗೆದುಕೊಂಡ ಹಾಗೆಯೇ. ಆಟ ಅದೇ, ಈ ಸಲ ಅವಳು ಆಡುವವಳಾಗಿರಲಿಲ್ಲ. ಕೈಯ ನೆಗೆಟಿವನ್ನು ಹುಡುಕಿ, ಚಿತ್ರ ದೊಡ್ಡದು ಮಾಡುವ ಎನ್‌ಲಾರ್ಜರಿಗೆ ಹಾಕಿದಳು. ಅದರಲ್ಲಿ ಎಲ್ಲ ತಿರುವುಮುರುವು, ಚರ್ಮ ಹೊಳೆಯುತ್ತಿತ್ತು, ಮಚ್ಚೆಗಳು ಕಪ್ಪು ಮಡುವುಗಳಂತೆ ನಿಂತಿದ್ದವು. ಸ್ಟುಡಿಯೋದಲ್ಲಿದ್ದ ಅತಿ ದೊಡ್ಡ ಕಾಗದ ತೆಗೆದಳು, ಮಂತ್ರಿಗಳು ಬಂದಾಗ ಗ್ರೂಪ್ ಫೋಟೋಗೆಂದು ಅಣ್ಣ ತೆಗೆದಿಟ್ಟದ್ದು. ಆಚೆ ಇಬ್ಬರೂ ಪಿಸುಮಾತಾಡುತ್ತಿದ್ದರು. ಡೆವಲಪರಿನಲ್ಲಿ ಕಾಗದ ಮುಳುಗಿತು. ಮೊದಲು ಕರಿ ಬಟ್ಟೆ, ಆಮೇಲೆ ನರಗಳು, ಗೆಣ್ಣುಗಳು, ಉಗುರಿನ ಬುಡದ ಸೀಳು, ಕೊನೆಗೆ ಏನೂ ಮೂಡದೆ ಉಳಿದ ಬಿಳುಪು. ಎಷ್ಟು ಅಲುಗಿಸಿದರೂ ಅಲ್ಲಿ ಏನೂ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಚಿತ್ರವನ್ನು ಅಳಿಯದಂತೆ ನಿಲ್ಲಿಸುವ ಹೈಪೋದಲ್ಲಿ ಅದ್ದಿ, ತೊಳೆದು, ನೀರು ಸೋರುತ್ತಿದ್ದ ಪ್ರಿಂಟನ್ನು ಎರಡು ಕೈಯಲ್ಲಿ ಎತ್ತಿಕೊಂಡು ಅವರ ಮುಂದೆಯೇ ನಡೆದು ಹೋದಳು.

ಬೀದಿಗೆ ಮುಖ ಮಾಡಿದ ಗಾಜಿನ ಷೋಕೇಸಿನಲ್ಲಿ ಮದುಮಕ್ಕಳ ಫೋಟೋಗಳಿದ್ದವು, ಎಲ್ಲವೂ ಅವಳೇ ಮೊಡವೆ ಅಳಿಸಿ, ಕಲೆ ತಿದ್ದಿ, ಕಣ್ಣ ಕೆಳಗಿನ ಕಪ್ಪು ತೆಗೆದು ನುಣುಪು ಮಾಡಿದ ಮುಖಗಳು. ನಡುವಿನವನ್ನು ಕಿತ್ತು ನೆಲಕ್ಕಿಟ್ಟಳು. ಒದ್ದೆ ಪ್ರಿಂಟಿನ ಮುಖವನ್ನು ಒಳಗಿನಿಂದ ಗಾಜಿಗೆ ಒತ್ತಿ, ರಬ್ಬರ್ ರೋಲರಿನಿಂದ ಗಾಳಿ ಉಳಿಯದಂತೆ ಉಜ್ಜಿದಳು. ಹೊಳಪು ಬರಲೆಂದು ಪ್ರಿಂಟುಗಳನ್ನು ಹೀಗೆಯೇ ಗಾಜಿಗೆ ಅಂಟಿಸಿ ಒಣಗಿಸುವುದು.

"ತಲೆ ಕೆಟ್ಟಿದ್ಯೇನೇ? ಮದುವೆ ಸೀಜನ್ನು! ತೆಗಿ ಅದನ್ನ," ಎಂದು ಕದಿರೇಶ ಓಡಿ ಬಂದ.

"ಒಣಗೋವರೆಗೂ ಬರಲ್ಲ. ಈಗ ಕಿತ್ರೆ ಚೂರುಚೂರಾಗಿ ಹರಿಯುತ್ತೆ. ಕೀಳು ನೋಡೋಣ."

ಅವನ ಉಗುರು ಕಾಗದದ ಮೂಲೆಗೆ ತಾಕಿ ಅಲ್ಲೇ ನಿಂತಿತು. ಅವನೂ ಫೋಟೋಗ್ರಾಫರನೇ. ಕೀಳಲಿಲ್ಲ. ಸ್ಟೂಲಿನ ಮೇಲೆ ಹೋಗಿ ಕೂತು ಮುಖವನ್ನು ಅಂಗೈಯಲ್ಲಿ ಮುಚ್ಚಿಕೊಂಡ. ಅವನನ್ನು ನೋಡಿ ಪಾಪ ಅನಿಸಲಿ ಎಂದು ಕಾದಳು, ಅನಿಸಲಿಲ್ಲ.

ಚನ್ನರಾಯಪ್ಪ ಹೊರಗೆ ಹೋಗಿ ಸೈಕಲ್ ಹಿಡಿದ. ಗಾಜಿನ ಮುಂದೆ ಅವನ ಕಾಲು ನಿಂತಿತು. ಅವಳೂ ಹೊಸಲಿಗೆ ಬಂದಳು. ಅವನು ಚಿತ್ರವನ್ನೇ ನೋಡುತ್ತಿದ್ದ, ಗಾಜು, ಒದ್ದೆ ಕೈ, ಅದರ ಮೇಲೆ ಬಿದ್ದ ಬೀದಿಯ ನೆರಳು. ಅವನ ಹುಬ್ಬು ನಿಧಾನವಾಗಿ ಕೂಡಿತು, ತುಟಿ ಅಲುಗಿತು. ಅವಳು ಪರದೆಯ ಸಂದಿನಿಂದ ಎಷ್ಟೋ ಸಂಜೆ ಆಸೆಪಟ್ಟು ನೋಡಿದ್ದ ಮುಖ ಅದು, ಕಥೆ ಬರುವಾಗಿನ ಮುಖ.

"ಬರೀಬೇಡಿ ಮೇಷ್ಟ್ರೇ," ಎಂದಳು.

ಅವನು ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ಬೆಚ್ಚಿ ನೋಡಿದ. "ಇಲ್ಲ," ಎಂದ, "ಇಲ್ಲ ಅನಸೂಯಾ, ನಾನು..." ಮುಂದೆ ತೋಚದೆ ಸೈಕಲ್ ತಳ್ಳಿಕೊಂಡೇ ಹೋದ. ಲಾರಿಗಳ ನಡುವೆ ಅವನ ಬೆನ್ನು ಕಾಣುವವರೆಗೂ ಅವಳು ನೋಡುತ್ತ ನಿಂತಳು. ಇದು ಗೆದ್ದದ್ದೇನೂ ಅಲ್ಲ. ನಾಳೆ ಗಿರಾಕಿ ಬರುವುದಿಲ್ಲ, ಮನೆಯಲ್ಲಿ ಅಮ್ಮ ಅಳುತ್ತಾಳೆ, ಸಂಜೆ ಆ ಬೆಂಚಿನಲ್ಲಿ ಯಾರೂ ಕೂರುವುದಿಲ್ಲ. ಎಲ್ಲ ಗೊತ್ತಿದ್ದೂ ಒಳಗೆ ಹೋಗಲು ಮನಸ್ಸಾಗಲಿಲ್ಲ. ಬಿಸಿಲು ಮೊಣಕೈವರೆಗೆ ಬಿದ್ದು ಚುರುಗುಟ್ಟುತ್ತಿತ್ತು.

ಮಾವಿನ ಮಂಡಿಯಿಂದ ಬರುತ್ತಿದ್ದ ಒಬ್ಬ ಮುದುಕಿ, ತಲೆಯ ಮೇಲೆ ಖಾಲಿ ಮಂಕರಿ, ಷೋಕೇಸಿನ ಮುಂದೆ ನಿಂತು ಕಣ್ಣು ಕಿರಿದು ಮಾಡಿದಳು. ಮೂಗು ಗಾಜಿಗೆ ತಾಕುವಷ್ಟು ಬಗ್ಗಿದಳು.

"ಎವರಿ ಚೆಯ್ಯಮ್ಮಾ ಇದಿ?" ಯಾರ ಕೈ ಎಂದು ಕೇಳುತ್ತಿದ್ದಾಳೆ.

"ನಾದೇ," ಎಂದಳು ಅನಸೂಯ. ನನ್ನದೇ.

ಮುದುಕಿ ತಿರುಗಿ ಅವಳ ಮುಖ ನೋಡಿದಳು, ಕೈ ನೋಡಿದಳು, ನಾಲಿಗೆ ಲೊಚಗುಟ್ಟಿಸಿದಳು. "ಅಯ್ಯೋ ಪಾಪಂ!"

ಕೂಗಿಬಿಡುತ್ತೇನೆಂದುಕೊಂಡಳು. ಬಂದದ್ದು ತಗ್ಗಿದ ದನಿ.

"ಪಾಪಂ ಏಮೀ ಲೇದು ಅವ್ವಾ," ಪಾಪ ಅನ್ನುವಂಥದ್ದೇನೂ ಇಲ್ಲ ಎನ್ನುತ್ತ ಮುಂದೆ ಬಂದು ಎಡಗೈಯನ್ನು ಮುದುಕಿಯ ಮುಖದ ಮುಂದೆ ಹಿಡಿದಳು. "ಚೂಡು." ನೋಡು ಎಂದಳು.

ಮುದುಕಿ ಹಿಂದಕ್ಕೆ ಸರಿಯಲು ನೋಡಿದಳು, ಹಿಂದೆ ಲಾರಿಯಿತ್ತು. ಅನಸೂಯ ಕೈ ಇಳಿಸಲಿಲ್ಲ. ಕೊನೆಗೆ ಮುದುಕಿ ಮಂಕರಿಯನ್ನು ತಲೆಯಿಂದ ಇಳಿಸಿ ಸೊಂಟಕ್ಕಿಟ್ಟುಕೊಂಡು ನೋಡತೊಡಗಿದಳು.